ಖಾನಾಪುರದ ವೈ2ಕೆ ರಾತ್ರಿ

ಮೂರು ಸಾವಿರ ರೂಪಾಯಿ ತೆರಿಗೆ ಉಳಿಸುವ ಸಲುವಾಗಿ ನಾನೊಂದು ರಾತ್ರಿಯಿಡೀ ಹೆಂಚಿನ ಭಟ್ಟಿಯ ಮುಂದೆ ಕೂತಿದ್ದೆ. ರೊಕ್ಕ ನನ್ನದಲ್ಲ, ಭಟ್ಟಿಯೂ ನನ್ನದಲ್ಲ. ರಾತ್ರಿ ಮಾತ್ರ ಸಾಮಾನ್ಯದ್ದಾಗಿರಲಿಲ್ಲ. ಅದು 1999ರ ಡಿಸೆಂಬರ್ 31, ಶುಕ್ರವಾರ. ಬೆಳಗಾದರೆ 2000.

ಆಗ ನಾನು ಬೆಳಗಾವಿಯ ಟಿಳಕವಾಡಿಯಲ್ಲಿ ಒಬ್ಬ ಸಿಎ ಹತ್ತಿರ ಆರ್ಟಿಕಲ್‌ಶಿಪ್ ಮಾಡುತ್ತಿದ್ದೆ. ಕಟ್ಟು ಕಟ್ಟು ವೋಚರುಗಳಿಗೆ ಟಿಕ್ ಹಾಕುವುದು, ಉದ್ಯಮಬಾಗದ ಫೌಂಡ್ರಿಗಳಿಗೆ ಹೋಗಿ ಸ್ಟಾಕ್ ಎಣಿಸುವುದು, ಸಂಜೆ ಸರ್‌ಗೆ ಚಹಾ ಹೇಳಿ ಬರುವುದು ನನ್ನ ಕೆಲಸ. ಆ ವರ್ಷ ಊರಲ್ಲಿ ಯಾರ ಬಾಯಲ್ಲಿ ನೋಡಿದರೂ ವೈ2ಕೆ. ಮೆಮೊರಿ ದುಬಾರಿಯಾಗಿದ್ದ ಕಾಲದಲ್ಲಿ, 80 ಕಾಲಮ್ಮಿನ ಪಂಚ್ ಕಾರ್ಡಿನಲ್ಲಿ ಜಾಗ ಉಳಿಸಲೆಂದು ಇಸವಿಗೆ ಎರಡೇ ಅಂಕಿ ಇಟ್ಟಿದ್ದರು. 1999 ಅಂದರೆ 99. ಅದು ತುಂಬಿ 00 ಬಂದಾಗ ಕಂಪ್ಯೂಟರ್ ಅದನ್ನು 2000 ಅಂದುಕೊಳ್ಳುತ್ತದೋ 1900 ಅಂದುಕೊಳ್ಳುತ್ತದೋ ಅನ್ನುವುದೇ ಪ್ರಶ್ನೆ. ವಿಮಾನ ಬೀಳುತ್ತವೆ, ಬ್ಯಾಂಕಿನ ಠೇವಣಿ ಮಾಯವಾಗುತ್ತದೆ ಎಂದು ಪತ್ರಿಕೆಗಳು ಬರೆದವು. ಇನ್ನೊಂದು ಕಡೆ ಇದೇ ಹೆದರಿಕೆ ಬೆಂಗಳೂರಿಗೆ ಅನ್ನ ಹಾಕುತ್ತಿತ್ತು. ಅಮೆರಿಕದ ಹಳೆಯ ಕೋಬಾಲ್ ಪ್ರೋಗ್ರಾಮುಗಳಲ್ಲಿ ಸಾಲು ಸಾಲಾಗಿ ತಾರೀಖು ಹುಡುಕಿ ತಿದ್ದಲು ಸಾವಿರಾರು ಹುಡುಗರು ಬೇಕಾಗಿದ್ದರು. ಆ ಮಾರ್ಚ್‌ನಲ್ಲಿ ಇನ್ಫೋಸಿಸ್ ನ್ಯಾಸ್ಡ್ಯಾಕ್‌ನಲ್ಲಿ ನೋಂದಣಿಯಾಯಿತು. ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಶುರುವಾಗಿ ಒಂದೂವರೆ ವರ್ಷವಾಗಿತ್ತಷ್ಟೆ. ನನ್ನ ಜೊತೆ ಪಿಯುಸಿ ಓದಿದವರು ಕೋಬಾಲ್ ಕ್ಲಾಸಿಗೆ ಫೀ ಕಟ್ಟಿ ಪಾಸ್‌ಪೋರ್ಟ್ ಫೋಟೊ ತೆಗೆಸಿಕೊಳ್ಳುತ್ತಿದ್ದರು.

ಸರ್ಕಾರಗಳೂ ಕೈಕಟ್ಟಿ ಕೂತಿರಲಿಲ್ಲ. ಅಮೆರಿಕ ಎರಡು ಕಾಯ್ದೆ ಮಾಡಿತು. 1998ರ ಅಕ್ಟೋಬರಿನಲ್ಲಿ ಬಂದದ್ದು, ಕಂಪನಿಗಳು ತಮ್ಮ ತಯಾರಿಯ ವಿಷಯವನ್ನು ಕೋರ್ಟಿನ ಭಯವಿಲ್ಲದೆ ಒಬ್ಬರಿಗೊಬ್ಬರು ಹೇಳಿಕೊಳ್ಳಲಿ ಎಂದು. 1999ರ ಜುಲೈನಲ್ಲಿ ಬಂದದ್ದು, ತಾರೀಖು ತಪ್ಪಿತೆಂದು ದಾವೆ ಹೂಡುವವರು ಮೊದಲು ನೋಟಿಸು ಕೊಟ್ಟು ದುರಸ್ತಿಗೆ ಅವಕಾಶ ಕೊಡಲಿ ಎಂದು. ನಮ್ಮಲ್ಲಿ ಮಾಂಟೆಕ್ ಸಿಂಗ್ ಅಹ್ಲುವಾಲಿಯಾ ಅವರ ಮುಂದಾಳತ್ವದಲ್ಲಿ ಒಂದು ಕಾರ್ಯಪಡೆ ಆಯಿತು, ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಗಡುವು ಹಾಕಿತು. ಇದೆಲ್ಲ ಪೇಪರಿನಲ್ಲಿ ಬಂತು. ಪೇಪರಿನಲ್ಲಿ ಹೆಚ್ಚು ಸುದ್ದಿಯಾಗದೆ, ನಮ್ಮಂಥ ಕಚೇರಿಗಳಿಗೆ ಮಾತ್ರ ಕೆಲಸ ಹಚ್ಚಿದ್ದು ಆದಾಯ ತೆರಿಗೆ ಕಾಯ್ದೆಯೊಳಗೆ ಸೇರಿಕೊಂಡ ಒಂದು ಸಣ್ಣ ಉಪಕಲಮು.

ಅದು ಬಂದ ರೀತಿಯೂ ತಮಾಷೆಯದು. ಯಶವಂತ ಸಿನ್ಹಾ ಫೆಬ್ರುವರಿ ಕೊನೆಗೆ ಬಜೆಟ್ ಮಂಡಿಸಿದರು. ಏಪ್ರಿಲ್ 17ಕ್ಕೆ ವಾಜಪೇಯಿ ಸರ್ಕಾರ ಒಂದೇ ಒಂದು ಮತದಿಂದ ಬಿತ್ತು. ದೇಶದ ಖರ್ಚು ನಿಲ್ಲುವ ಹಾಗಿಲ್ಲವಲ್ಲ, ಬೀಳಿಸಿದವರೂ ಬಿದ್ದವರೂ ಸೇರಿ ಚರ್ಚೆ ಬದಿಗಿಟ್ಟು ಹಣಕಾಸು ಮಸೂದೆ ಪಾಸು ಮಾಡಿದರು. ಆಮೇಲೆ ಲೋಕಸಭೆ ವಿಸರ್ಜನೆಯಾಯಿತು. ಆ ಹಣಕಾಸು ಕಾಯ್ದೆಯ ಮೂಲಕ 36ನೇ ಕಲಮಿನ ಒಂದನೇ ಭಾಗಕ್ಕೆ ಹನ್ನೊಂದನೇ ಉಪಕಲಮು ಸೇರಿತು. ಅದರ ತಾತ್ಪರ್ಯ ಇಷ್ಟು: ನಿಮ್ಮ ಸ್ವಂತದ, ಧಂದೆಗೆ ಬಳಸುವ, ವೈ2ಕೆಗೆ ತಾಳಲಾರದ ಕಂಪ್ಯೂಟರ್ ವ್ಯವಸ್ಥೆಯನ್ನು ತಾಳುವ ಹಾಗೆ ಮಾಡಲು 1999ರ ಏಪ್ರಿಲ್ 1ರಿಂದ 2000ದ ಮಾರ್ಚ್ 31ರ ಒಳಗೆ ಮಾಡಿದ ಖರ್ಚನ್ನು ಆದಾಯದಿಂದ ಕಳೆದುಕೊಳ್ಳಬಹುದು. ತಾಳುವುದು ಅಂದರೇನು? 20 ಮತ್ತು 21ನೇ ಶತಮಾನಗಳ ಒಳಗಿನ, ಅವೆರಡರ ನಡುವಿನ ತಾರೀಖುಗಳನ್ನು ಸರಿಯಾಗಿ ತೆಗೆದುಕೊಂಡು, ಲೆಕ್ಕ ಹಾಕಿ, ಕೊಡುವಂತಿರಬೇಕು. ಕೊನೆಗೊಂದು ಷರತ್ತು. ರಿಟರ್ನ್ ಜೊತೆ ಲೆಕ್ಕ ಪರಿಶೋಧಕರ ವರದಿ ಬೇಕು.

ನಮ್ಮ ಸರ್ ಆ ಷರತ್ತಿನ ಕೆಳಗೆ ಪೆನ್ಸಿಲಿನಿಂದ ಎರಡು ಗೆರೆ ಎಳೆದಿದ್ದರು.

ನವೆಂಬರಿನಲ್ಲಿ ಖಾನಾಪುರದ ಸಾವ್ಕಾರ್ರು ಬಂದರು. ಊರ ಹೊರಗೆ ಅವರದೊಂದು ಹೆಂಚಿನ ಕಾರ್ಖಾನೆ. ಖಾನಾಪುರದ ಮಣ್ಣು ಹೆಂಚಿಗೂ ಗಡಿಗೆಗೂ ಮೊದಲಿನಿಂದ ಹೆಸರಾದದ್ದು. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ಇರುವುದೂ ಅಲ್ಲೇ. ಸಾವ್ಕಾರ್ರು ಮರಾಠಿ ಬೆರೆಸಿದ ಕನ್ನಡದಲ್ಲಿ ಮಾತಾಡುತ್ತ ಎರಡು ಬಿಲ್ಲು ಟೇಬಲ್ ಮೇಲಿಟ್ಟರು. ಒಂದು, ಹಳೆಯ 486 ಕಂಪ್ಯೂಟರಿನ ಪಗಾರ ಮತ್ತು ಉದ್ರಿ ಲೆಕ್ಕದ ಪ್ರೋಗ್ರಾಮನ್ನು ತಿದ್ದಿದ್ದಕ್ಕೆ 8,000 ರೂಪಾಯಿ. ಇನ್ನೊಂದು, ಮಗನ ಓದಿಗೆಂದು ಮನೆಗೆ ತಂದ ಹೊಸ ಪೆಂಟಿಯಂ ಕಂಪ್ಯೂಟರಿನದು, ನಲವತ್ತು ಸಾವಿರದ ಆಸುಪಾಸು.

"ಎರಡೂ ವೈ2ಕೆದಾಗ ಹಾಕ್ರಿ ಸಾಹೇಬ್ರ. ಹೊಸಾದು ತಂದದ್ದೂ ವೈ2ಕೆ ಸಲುವಾಗಿನ."

ಸರ್ ಕನ್ನಡಕ ಮೇಲೇರಿಸಿದರು. "ಕುಂಟ ಎತ್ತಿನ ಕಾಲಿಗೆ ಔಷಧ ಹಚ್ಚಿದ್ರ ಕಾಯ್ದೆ ಕೊಡ್ತೈತಿ. ಹೊಸಾ ಎತ್ತು ತಂದು ಮನ್ಯಾಗ ಕಟ್ಟಿದ್ರ ಕೊಡೂದಿಲ್ಲ." ಪೆಂಟಿಯಂ ಬಿಲ್ಲು ಸಾವ್ಕಾರ್ರ ಕಿಸೆಗೆ ವಾಪಸು ಹೋಯಿತು. ಉಳಿದ ಎಂಟು ಸಾವಿರಕ್ಕೆ ಆಗಿನ ತೆರಿಗೆ ದರದಲ್ಲಿ ಉಳಿಯುವುದು ಸುಮಾರು ಮೂರು ಸಾವಿರ.

"ಇದಕ್ಕರೆ ಸಹಿ ಮಾಡ್ತೀರಲ್ರಿ?"

"ಬಿಲ್ಲು ನೋಡಿ ರೊಕ್ಕ ಕೊಟ್ಟೀರಿ ಅಂತ ಬರೀಬಹುದು. ಮಷೀನು ಸರಿ ಆತು ಅಂತ ಬರೀಬೇಕಂದ್ರ? ನೋಡಲಾರದ ಸಹಿ ಮಾಡಾಂವ ನಾ ಅಲ್ಲ." ಹಾಗೆಂದು ಸರ್ ನನ್ನ ಕಡೆ ತಿರುಗಿದರು. ಹೊಸ ವರ್ಷದ ರಾತ್ರಿ ನಾನೆಲ್ಲಿರಬೇಕೆಂಬುದು ಆಗಲೇ ತೀರ್ಮಾನವಾಯಿತು.

ಮೂವತ್ತೊಂದರ ಮಧ್ಯಾಹ್ನ ಕೆಂಪು ಬಸ್ಸು ಹಿಡಿದು ಹೊರಟೆ. ಪೀರನವಾಡಿ, ಮಚ್ಛೆ ದಾಟಿ ದೇಸೂರು ಹಿಂದೆ ಬಿದ್ದ ಮೇಲೆ ಗಾಳಿಯೇ ಬೇರೆ. ಬೆಳಗಾವಿಯಿಂದ ಖಾನಾಪುರಕ್ಕೆ ಇಪ್ಪತ್ತಾರು ಕಿಲೋಮೀಟರ್ ಅಷ್ಟೇ, ಆದರೆ ಅಲ್ಲಿಂದ ಮುಂದೆ ಲೋಂಡಾ, ಗೋವಾದ ಕಾಡು. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಆ ಕಡೆಯ ಚಳಿ ಮಲಪ್ರಭೆ ದಾಟಿ ಬರುತ್ತದೆ. ಕಾರ್ಖಾನೆ ಮುಟ್ಟಿದಾಗ ಪ್ರೋಗ್ರಾಮು ತಿದ್ದಿದ ಹುಡುಗ ಆಗಲೇ ಬಂದು ಕೂತಿದ್ದ. ಬೆಳಗಾವಿಯವನೇ, ನನಗಿಂತ ಎರಡು ವರ್ಷ ದೊಡ್ಡವನಿರಬೇಕು.

ಕಚೇರಿಯೆಂದರೆ ಹೆಂಚು ಒಣಹಾಕುವ ಚಪ್ಪರದ ಮಗ್ಗುಲಿಗೆ ಒಂದು ಕೋಣೆ. ಕಂಪ್ಯೂಟರಿಗೆ ಹೊಲಿಸಿದ ಬಟ್ಟೆಯ ಗವಸು. ಗವಸು ತೆಗೆದರೆ ಕೀಬೋರ್ಡಿನ ಸಂದಿಯಲ್ಲೆಲ್ಲ ಕೆಂಪು ಮಣ್ಣು. ಹುಡುಗ ನನಗೆ ಎಲ್ಲ ಬಿಡಿಸಿ ಹೇಳಿದ. ಲೆಕ್ಕ ಫಾಕ್ಸ್‌ಪ್ರೋದಲ್ಲಿತ್ತು. ಒಳಗೆ ಅದು ಇಸವಿಯನ್ನು ನಾಲ್ಕಂಕಿಯಲ್ಲೇ ಇಟ್ಟುಕೊಳ್ಳುತ್ತದೆ. ಆದರೆ ಪರದೆಯ ಮೇಲೆ ಎರಡಂಕಿಗೆ ಮಾತ್ರ ಜಾಗ, ಬರೆದ ಎರಡಂಕಿಯನ್ನು ಅದು 1900ರ ಲೆಕ್ಕಕ್ಕೇ ಹಿಡಿಯುತ್ತದೆ. "ಸೆಟ್ ಸೆಂಚುರಿ ಆನ್" ಎಂದು ಒಂದು ಸಾಲು ಹಾಕಿ, ತಾರೀಖು ಬರುವ ಪ್ರತಿಯೊಂದು ಕಡೆ ಜಾಗ ಅಗಲ ಮಾಡಬೇಕು, ಪ್ರಿಂಟಾಗುವ ಪಟ್ಟಿಯ ಕಾಲಮ್ಮು ಸರಿಸಬೇಕು. ಸಾಲು ಒಂದೇ, ಹುಡುಕುವ ಜಾಗ ನೂರಾರು.

"ಮದಲ ಹೆಂಗಿತ್ತು ತೋರಸ್ತೀನಿ ತಡೀರಿ" ಎಂದು ಹಳೆಯ ಪ್ರತಿ ತೆರೆದ. ಭಟ್ಟಿ ನೋಡಿಕೊಳ್ಳುವ ಚಾಚಾ ಮಾರ್ಚ್ ಕೊನೆಗೆ ನಿವೃತ್ತಿಯಾಗುವವರಿದ್ದರು. 1971ರ ಜೂನಿನಲ್ಲಿ ಕೆಲಸಕ್ಕೆ ಸೇರಿದ ಮನುಷ್ಯ. ಗ್ರಾಚುಯಿಟಿ ಕಾಯ್ದೆ ಪ್ರಕಾರ ವರ್ಷಕ್ಕೆ ಹದಿನೈದು ದಿನದ ಪಗಾರ, ತಿಂಗಳಿಗೆ 26 ದಿನ ಹಿಡಿದು. ಪಗಾರ 2,600 ಇದ್ದದ್ದರಿಂದ ವರ್ಷಕ್ಕೆ ಸರಿಯಾಗಿ 1,500 ಬೀಳುತ್ತಿತ್ತು. ಇಪ್ಪತ್ತೆಂಟು ವರ್ಷ ತುಂಬಿ ಮೇಲೆ ಆರು ತಿಂಗಳು ದಾಟಿದ್ದರಿಂದ 29 ವರ್ಷದ ಲೆಕ್ಕ, 43,500 ರೂಪಾಯಿ ಬರಬೇಕು. ಹುಡುಗ ನಿವೃತ್ತಿಯ ತಾರೀಖಿನ ಜಾಗದಲ್ಲಿ 31-03-00 ಎಂದು ಒತ್ತಿದ. ಯಂತ್ರ ಚಾಚಾರನ್ನು 1900ರಲ್ಲಿ ನಿವೃತ್ತಿ ಮಾಡಿತು. ಸೇವೆ ಮೈನಸ್ 71 ವರ್ಷ, ಗ್ರಾಚುಯಿಟಿ ಮೈನಸ್ 1,06,500.

ಬಾಗಿಲಲ್ಲಿ ನಿಂತಿದ್ದ ಚಾಚಾಗೆ ಹುಡುಗ ಅದನ್ನು ಓದಿ ಹೇಳಿದ. ಚಾಚಾ ಸ್ವಲ್ಪ ಹೊತ್ತು ಪರದೆ ನೋಡಿದರು.

"ಇಷ್ಟ ವರ್ಷ ಬೆಂಕಿ ಮುಂದ ದುಡದು, ಮ್ಯಾಲ ನಾನ ಸಾವ್ಕಾರ್ರಿಗೆ ಒಂದ ಲಾಖ ಕೊಡಬೇಕೇನ್ರಿ?"

ಆಮೇಲೆ ತಿದ್ದಿದ ಪ್ರತಿಯಲ್ಲಿ ನಾಲ್ಕಂಕಿ ಒತ್ತಿದಾಗ 43,500 ಬಂತು. ನಾನು ಪ್ರಿಂಟ್ ತೆಗೆಸಿ ಎರಡನ್ನೂ ಫೈಲಿಗೆ ಹಾಕಿದೆ. ಸರ್ ಬರೆದುಕೊಟ್ಟಿದ್ದ ಪಟ್ಟಿಯಲ್ಲಿ 2000ದ ಫೆಬ್ರುವರಿ 29 ಕೂಡ ಇತ್ತು. ನೂರರಿಂದ ಭಾಗಿಸುವ ವರ್ಷ ಅಧಿಕ ವರ್ಷವಲ್ಲ, ಆದರೆ ನಾನೂರರಿಂದ ಭಾಗಿಸುವಂತಿದ್ದರೆ ಹೌದು. ಅರ್ಧ ನಿಯಮ ಕಲಿತ ಪ್ರೋಗ್ರಾಮುಗಳು ಅಲ್ಲಿ ಎಡವುತ್ತವೆ. ಇದು ಎಡವಲಿಲ್ಲ. ಕೊನೆಗೆ ಹುಡುಗ ಗಡಿಯಾರವನ್ನು 11 ಗಂಟೆ 59 ನಿಮಿಷಕ್ಕೆ ಮುಂದೆ ಸರಿಸಿ ನಮ್ಮ ಕಣ್ಣೆದುರೇ 2000ಕ್ಕೆ ದಾಟಿಸಿ ತೋರಿಸಿದ. ಪರದೆಯ ಮೇಲೆ ಜನವರಿ 1 ಬಂತು. ಮತ್ತೆ ಹಿಂದಿನ ತಾರೀಖಿಗೇ ತಂದಿಟ್ಟ.

ಕತ್ತಲಾಗುತ್ತಲೇ ಕೆಲಸ ಮುಗಿದಂತಾಗಿತ್ತು. ಆದರೂ ಹನ್ನೆರಡರವರೆಗೆ ಇರಲೇಬೇಕು. ರಮಜಾನ್ ತಿಂಗಳು, ಚಾಚಾ ರೋಜಾ ಬಿಟ್ಟು ನಮ್ಮ ಕೈಗೂ ಎರಡೆರಡು ಖರ್ಜೂರ ಇಟ್ಟರು. ಸಾವ್ಕಾರ್ರು ಚುರಮುರಿ, ಮಿರ್ಚಿ ಭಜಿ, ಬೆಳಗಾವಿಯಿಂದ ತರಿಸಿದ ಕುಂದಾ ಹಿಡಿದು ಬಂದರು. ಭಟ್ಟಿಯ ಬಾಯಿಯ ಎದುರು ಹಲಗೆ ಹಾಕಿಕೊಂಡು ಎಲ್ಲರೂ ಕೂತೆವು. ಒಳಗೆ ಹೆಂಚು ಸುಡುತ್ತಿತ್ತು. ಚಾಚಾ ಆಗಾಗ ಎದ್ದು ಕಂಡಿಯೊಳಗೆ ಕಣ್ಣಿಟ್ಟು ಬಣ್ಣ ನೋಡಿ, ಎರಡು ಕಟ್ಟಿಗೆ ತಳ್ಳಿ ಬರುವರು. ಉರಿ ಕೆಂಪಿದ್ದರೆ ಇನ್ನೂ ಬೇಕು, ಕಿತ್ತಳೆಗೆ ತಿರುಗಿದರೆ ಸಾಕು. ಅವರ ಹತ್ತಿರ ಉಷ್ಣತೆ ಅಳೆಯುವ ಯಂತ್ರವೂ ಇರಲಿಲ್ಲ, ಗಡಿಯಾರವೂ ಇರಲಿಲ್ಲ.

ಟ್ರಾನ್ಸಿಸ್ಟರಿನಲ್ಲಿ ಕಂದಹಾರದ ಸುದ್ದಿ. ಒಂದು ವಾರದ ಹಿಂದೆ ಕಠ್ಮಂಡುವಿನಿಂದ ದೆಹಲಿಗೆ ಹೊರಟ ವಿಮಾನ ಅಪಹರಣವಾಗಿತ್ತಲ್ಲ, ಅದರ ಪ್ರಯಾಣಿಕರು ಅದೇ ದಿನ ಬಿಡುಗಡೆಯಾಗಿದ್ದರು. ವಿದೇಶಾಂಗ ಮಂತ್ರಿ ಜಸ್ವಂತ್ ಸಿಂಗ್ ಮೂವರು ಉಗ್ರರನ್ನು ಕರೆದೊಯ್ದು ಒಪ್ಪಿಸಿ ಬಂದದ್ದು ಸರಿಯೋ ತಪ್ಪೋ ಎಂದು ಸಾವ್ಕಾರ್ರಿಗೂ ಹುಡುಗನಿಗೂ ಜೋರು ವಾದ. ವಿಮಾನ ಬೀಳುತ್ತವೆಂದು ವರ್ಷವಿಡೀ ಹೆದರಿದ್ದ ನಾವು ಆ ರಾತ್ರಿ ಒಂದು ವಿಮಾನದ ಜನ ಮನೆಗೆ ಬಂದದ್ದಕ್ಕೆ ಖುಷಿಪಟ್ಟೆವು.

ಹನ್ನೊಂದು ನಲವತ್ತಕ್ಕೆ ಕರೆಂಟು ಹೋಯಿತು.

"ಬಂತ ನೋಡ್ರಿ ವೈ2ಕೆ!" ಸಾವ್ಕಾರ್ರು ಎದ್ದೇ ನಿಂತರು.

"ಇನ್ನೂ ಇಪ್ಪತ್ತ ಮಿನಿಟ್ ಐತ್ರಿ ಸಾವ್ಕಾರ್ರ. ಇದು ದಿನದ್ದು" ಎಂದು ಹುಡುಗ ಒಳಗೆ ಓಡಿದ. ಯುಪಿಎಸ್ ಕಿರುಚುತ್ತಿತ್ತು. ಅದರ ಬ್ಯಾಟರಿ ಹನ್ನೆರಡರವರೆಗೆ ಬಾಳುವಂಥದ್ದಲ್ಲ. ಫೈಲು ಕೆಡಬಾರದೆಂದು ಅವನು ಕಂಪ್ಯೂಟರ್ ಬಂದ್ ಮಾಡಿದ. ಯಾವ ಗಳಿಗೆ ನೋಡಲೆಂದು ನಾನು ಬಂದಿದ್ದೆನೋ ಆ ಗಳಿಗೆಯಲ್ಲಿ ಆ ಯಂತ್ರ ಕಣ್ಣು ಮುಚ್ಚಿಕೊಂಡಿತ್ತು. ಸಾವ್ಕಾರ್ರ ಕೈಯ ಎಚ್‌ಎಂಟಿ ಗಡಿಯಾರದಲ್ಲಿ ಹನ್ನೆರಡಾಯಿತು. ಊರ ಕಡೆ ನಾಲ್ಕು ಪಟಾಕಿ ಹಾರಿದವು. ಚಾಚಾ ಎದ್ದು ಕಟ್ಟಿಗೆ ಹಾಕಿದರು.

ಕರೆಂಟು ಬಂದಾಗ ಹನ್ನೆರಡೂ ಮುಕ್ಕಾಲು. ಕಂಪ್ಯೂಟರ್ ಚಾಲೂ ಮಾಡಿ ತಾರೀಖು ಕೇಳಿದರೆ ಪರದೆಯಲ್ಲಿ ಬಂದದ್ದು 1980, ಜನವರಿ 4.

ಯಾರೂ ಮಾತಾಡಲಿಲ್ಲ. ಹುಡುಗ ಮತ್ತೊಮ್ಮೆ ಬಂದ್ ಮಾಡಿ ಚಾಲೂ ಮಾಡಿದ. ಮತ್ತೆ 1980. ಅವನಿಗೆ ತಿಳಿಯಲು ಐದು ನಿಮಿಷ ಹಿಡಿಯಿತು. ಯಂತ್ರದೊಳಗೆ ಎರಡು ಗಡಿಯಾರ. ಚಾಲೂ ಇರುವಾಗ ಡಾಸ್ ತನ್ನದೇ ಲೆಕ್ಕ ಇಡುತ್ತದೆ, ಅದು 99ರಿಂದ 2000ಕ್ಕೆ ಚೆನ್ನಾಗಿಯೇ ದಾಟುತ್ತದೆ. ಸಂಜೆ ನಾವು ನೋಡಿದ್ದು ಅದನ್ನೇ. ಬಂದ್ ಆದಾಗ ಬೋರ್ಡಿನ ಮೇಲಿನ ಸಣ್ಣ ಬ್ಯಾಟರಿಯ ಗಡಿಯಾರ ಓಡುತ್ತಿರುತ್ತದೆ. ಅದರಲ್ಲಿ ಇಸವಿ ಎರಡಂಕಿ, ಶತಮಾನದ 19 ಬೇರೆ ಕಡೆ. 99 ಹೋಗಿ 00 ಆದರೂ 19 ತಾನಾಗಿ 20 ಆಗುವುದಿಲ್ಲ. ಯಂತ್ರ 1900 ಅನ್ನುತ್ತದೆ. ಡಾಸ್‌ಗೆ 1980ಕ್ಕಿಂತ ಹಿಂದಿನ ತಾರೀಖೇ ಗೊತ್ತಿಲ್ಲದ್ದರಿಂದ ತನಗೆ ತೋಚಿದ್ದನ್ನು ತೋರಿಸುತ್ತದೆ.

"ಚಾಲೂ ಇದ್ದಾಗ ದಾಟಿಸಿ ನೋಡಿದ್ನಿರಿ. ಬಂದ್ ಇದ್ದಾಗ ನೋಡಿದ್ದಿಲ್ಲ" ಎಂದ ಹುಡುಗ, ತಲೆ ತಗ್ಗಿಸಿ.

ಪರಿಹಾರ ಮಾತ್ರ ಸುಲಭದ್ದೇ. ಕೈಯಿಂದ ಒಮ್ಮೆ 2000 ಎಂದು ಪೂರ್ತಿ ಬರೆದುಕೊಟ್ಟರೆ ಆ ಬೋರ್ಡು 20ನ್ನು ಹಿಡಿದಿಟ್ಟುಕೊಂಡಿತು. ಬಂದ್ ಮಾಡಿ, ವೈರು ಕಿತ್ತು, ಚಹಾ ಕುಡಿದು ಬಂದು ಚಾಲೂ ಮಾಡಿದೆವು. ಜನವರಿ 1, 2000, ಶನಿವಾರ. ಹುಡುಗ ಅಷ್ಟಕ್ಕೇ ಬಿಡಲಿಲ್ಲ. ಕಂಪ್ಯೂಟರ್ ಶುರುವಾದಾಗ ಓಡುವ ಆಟೊಎಕ್ಸೆಕ್ ಫೈಲಿನಲ್ಲಿ ಒಂದು ಸಾಲು ಸೇರಿಸಿದ. ದಿನಾ ಬೆಳಿಗ್ಗೆ ಅದು ತಾರೀಖು ತೋರಿಸಿ ನಿಲ್ಲಬೇಕು, ಗುಮಾಸ್ತರು ನೋಡಿ ಎಂಟರ್ ಒತ್ತಿದ ಮೇಲೆಯೇ ಮುಂದೆ ಹೋಗಬೇಕು. ಆ ರಾತ್ರಿ ಕರೆಂಟು ಹೋಗದಿದ್ದರೆ ಹುಡುಗ ಹನ್ನೆರಡೂ ಐದಕ್ಕೆ ಕೈಕುಲುಕಿ ಮಲಗುತ್ತಿದ್ದ, ನಾನು "ಸರಿ ಇದೆ" ಎಂದು ಬರೆದುಕೊಂಡು ಬರುತ್ತಿದ್ದೆ. ಮುಂದೆ ಗುಮಾಸ್ತರು ಯಂತ್ರ ಚಾಲೂ ಮಾಡಿದ ದಿನ ಸಾವ್ಕಾರ್ರ ಉದ್ರಿಯೆಲ್ಲ 1980ರ ಖಾತೆಗೆ ಹೋಗುತ್ತಿತ್ತು.

ಬೆಳಿಗ್ಗೆ ಪೇಪರು ನೋಡಿದರೆ ಜಗತ್ತು ನೆಟ್ಟಗೇ ಇತ್ತು. ಮುಂದಿನ ವಾರಗಳಲ್ಲಿ ಚಿಲ್ಲರೆ ಸುದ್ದಿ ಬಂದವು. ಅಮೆರಿಕದಲ್ಲಿ ಒಬ್ಬ ಬಾಡಿಗೆಗೆ ತಂದ ಸಿನಿಮಾ ಕ್ಯಾಸೆಟ್ ವಾಪಸು ಕೊಡಲು ಹೋದರೆ ನೂರು ವರ್ಷ ತಡವೆಂದು ಕಂಪ್ಯೂಟರ್ 91,250 ಡಾಲರ್ ದಂಡ ತೋರಿಸಿತಂತೆ. ಚಾಚಾಗೆ ಒದಗಿದ ಕಷ್ಟವೇ ಅವನದೂ. ಅಷ್ಟು ದುಡ್ಡು ಸುರಿದು ಆದದ್ದೇನು, ಸುಮ್ಮನೆ ಹೆದರಿಸಿದರು ಎಂಬ ಮಾತು ಫೆಬ್ರುವರಿಯೊಳಗೆ ಬೆಳಗಾವಿಯ ಚಹಾದಂಗಡಿಗಳಲ್ಲೂ ಶುರುವಾಯಿತು. ಚಾಚಾರ ಎರಡು ಪ್ರಿಂಟು ನನ್ನ ಫೈಲಿನಲ್ಲಿದ್ದವು, ನಾನು ವಾದಕ್ಕೆ ಹೋಗಲಿಲ್ಲ.

ಸೋಮವಾರ ಸರ್ ಕೇಳಿದ ಮೊದಲ ಪ್ರಶ್ನೆ: "ದಾಟುವಾಗ ನೋಡಿದ್ಯಾ?"

"ಇಲ್ರಿ ಸರ್. ಬಂದ್ ಇತ್ತು." ಆಮೇಲೆ ಎಲ್ಲವನ್ನೂ ಹೇಳಿದೆ, 1980ನ್ನೂ ಸೇರಿಸಿ.

ಬೈಯುತ್ತಾರೆಂದುಕೊಂಡಿದ್ದೆ. ಅವರು ಕುರ್ಚಿ ಹತ್ತಿರ ಎಳೆದುಕೊಂಡರು. "ಹಂಗಿದ್ದದ್ದನ್ನ ಹಂಗ ಬರಿ. ಎಷ್ಟಕ್ಕ ಬಂದ್ ಆತು, ಎಷ್ಟಕ್ಕ ಬಂತು, ಏನ್ ತೋರಸ್ತು, ಏನ್ ಮಾಡಿದ್ರು. ಕೆಳಗ ನಿನ್ನ ಸಹಿ." ಆ ಒಂದು ಹಾಳೆ ಪ್ರಿಂಟುಗಳ ಜೊತೆ ಫೈಲು ಸೇರಿತು. ವರ್ಷದ ರಿಟರ್ನ್ ಸಲ್ಲಿಸುವಾಗ ಸರ್ ಆ ಫೈಲು ತರಿಸಿ, ಹಾಳೆ ಮತ್ತೊಮ್ಮೆ ಓದಿ, ಎಂಟು ಸಾವಿರದ ವರದಿಗೆ ಸಹಿ ಹಾಕಿದರು. ಅವರಿಗೆ ಪ್ರೋಗ್ರಾಮಿಂಗ್ ಒಂದಕ್ಷರ ಬರುತ್ತಿರಲಿಲ್ಲ. ಕಾಯ್ದೆ ಬರೆದವರೂ ಖಾನಾಪುರದ 486 ನೋಡಿರಲಿಲ್ಲ. ಸರಿಯಾಗಿ ಲೆಕ್ಕ ಹಾಕುವಂತಿರಬೇಕು ಎಂದು ದೆಹಲಿಯಲ್ಲಿ ಬರೆದದ್ದು ನಿಜವಾಗಬೇಕಾದರೆ, ಯಾರೋ ಒಬ್ಬರು ಹೋಗಿ ಪಕ್ಕದಲ್ಲಿ ಕೂರಬೇಕು ಎಂಬುದು ಮಾತ್ರ ಸರ್‌ಗೆ ಗೊತ್ತಿತ್ತು.

ಚಾಚಾ ಮಾರ್ಚ್ 31ಕ್ಕೆ ನಿವೃತ್ತರಾದರು. ಉಪಕಲಮಿನ ಅವಧಿ ಮುಗಿದದ್ದೂ ಅದೇ ದಿನ. ಗುಮಾಸ್ತರು ಅವರ ಗ್ರಾಚುಯಿಟಿಯನ್ನು ಮೊದಲು ಕೈಯಲ್ಲಿ ಲೆಕ್ಕ ಹಾಕಿ, ಆಮೇಲೆ ಕಂಪ್ಯೂಟರಿನಲ್ಲಿ ನೋಡಿ, ಎರಡೂ ತಾಳೆಯಾದ ಮೇಲೆ ಚೆಕ್ ಬರೆದರಂತೆ. ಚೆಕ್ಕಿನ ಮೇಲೆ ಇಸವಿಗೆ 19 ಎಂದು ಮೊದಲೇ ಅಚ್ಚಾಗಿತ್ತು. ಅದನ್ನು ಹೊಡೆದು 2000 ಎಂದು ಬರೆದು ಸಾವ್ಕಾರ್ರು ಪಕ್ಕದಲ್ಲೊಂದು ಸಹಿ ಹಾಕಬೇಕಾಯಿತು.

ಈಗ ನನ್ನದೇ ಕಚೇರಿಯಿದೆ, ಆರ್ಟಿಕಲ್‌ಶಿಪ್ ಹುಡುಗ ಹುಡುಗಿಯರಿದ್ದಾರೆ. ಅವರು ಹುಟ್ಟುವ ಮೊದಲಿನ ಈ ಕಥೆಯನ್ನು ನಗುತ್ತ ಕೇಳುತ್ತಾರೆ. ಆಗ ನಾನು ಇನ್ನೊಂದು ತಾರೀಖು ಹೇಳುತ್ತೇನೆ. 2038ರ ಜನವರಿ 19, ಮಂಗಳವಾರ, ನಮ್ಮ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡು. ಯುನಿಕ್ಸ್ ಜಾತಿಯ ಯಂತ್ರಗಳು 1970ರಿಂದ ಸೆಕೆಂಡು ಎಣಿಸುತ್ತ ಬಂದಿವೆ. ಆ ಎಣಿಕೆಗೆ 32 ಬಿಟ್ಟಿನ ಜಾಗವಷ್ಟೇ ಇಟ್ಟಿರುವ ಹಳೆಯ ಯಂತ್ರಗಳಲ್ಲಿ ಅದು ಆ ಸೆಕೆಂಡಿಗೆ ತುಂಬಿ, ಮುಂದಿನ ಸೆಕೆಂಡಿಗೆ 1901ಕ್ಕೆ ಉರುಳುತ್ತದೆ. ಹೊಸ ಯಂತ್ರಗಳಲ್ಲಿ 64 ಬಿಟ್ಟು ಇದೆ. ಆದರೆ ಮೀಟರು, ಗೇಟು, ಕಾರ್ಖಾನೆಯ ಪೆಟ್ಟಿಗೆಗಳಲ್ಲಿ ಹಳೆಯವು ಎಷ್ಟೋ ಓಡುತ್ತಿವೆ. ಅದಕ್ಕೆ ಇನ್ನೂ ಬಹಳ ಸಮಯವಿದೆ ಸರ್ ಎನ್ನುತ್ತಾರೆ ಹುಡುಗರು. ಇಲ್ಲ, ಇಂದು ಮಂಜೂರಾದ 15 ವರ್ಷದ ಗೃಹಸಾಲದ ಕೊನೆಯ ಕಂತು ಆಗಲೇ ಆ ದಿನವನ್ನು ದಾಟಿ ನಿಂತಿದೆ. ಆಡಿಟ್‌ಗೆ ಹೋದಲ್ಲಿ ಅಂಥದೊಂದು ಸಾಲದ ಪಟ್ಟಿ ತೆಗೆಸಿ ಕಡೆಯ ಸಾಲಿನ ತಾರೀಖು ನೋಡಿ ಬನ್ನಿ ಎನ್ನುತ್ತೇನೆ. ನೋಡುವ ಮೊದಲು ಯಂತ್ರವನ್ನು ಒಮ್ಮೆ ಬಂದ್ ಮಾಡಿ ಚಾಲೂ ಮಾಡಿಸಲು ಮರೆಯಬೇಡಿ ಎಂದೂ ಹೇಳಿ ಕಳಿಸುತ್ತೇನೆ.